ಚರ್ಚೆ ಇದ್ದ ದಿನವೇ ಹೊಟ್ಟೆನೋವು

ಶಿವಮೊಗ್ಗದಲ್ಲಿ ಕೌನ್ಸೆಲರ್ ಆಗಿರುವ ನನ್ನ ಹತ್ತಿರ ಬರುವ ಹೈಸ್ಕೂಲ್ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಮಾರ್ಕ್ಸ್ ಚೆನ್ನಾಗಿರುತ್ತದೆ, ಪ್ರಶ್ನೋತ್ತರ ಬಾಯಿಪಾಠ. ‘ಇದಕ್ಕೆ ನೀನೇನಂತೀಯ?’ ಎಂದರೆ ಮಾತ್ರ ಬಾಯಿ ಕಟ್ಟುತ್ತದೆ. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಸಾಗರದ ಕಡೆಯ ಹುಡುಗಿ, ಒಂಬತ್ತನೇ ಕ್ಲಾಸು. ಕನ್ನಡ ಮೇಷ್ಟ್ರು ಚರ್ಚೆ ಇಟ್ಟ ದಿನವೇ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಎಂದ ಮೇಲೆ ಅಪ್ಪ ಕರೆದುಕೊಂಡು ಬಂದರು.

ಮಾತಾಡಿಸಿ ಜಾಸ್ತಿ ಉಪಯೋಗವಾಗಲಿಲ್ಲ. ಒಂದು ದಿನ ನಾನೇ ನಾಲ್ಕು ಸಾಲು ಬರೆದು ಮುಂದಿಟ್ಟೆ. ‘1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ರಾಜ್ಯಕ್ಕೆ ವಿದ್ಯುತ್ ಸಿಕ್ಕಿತು. ಹಲವು ಹಳ್ಳಿ ಮುಳುಗಿದವು. ಜನರೆಲ್ಲ ಸಂತೋಷದಿಂದ ಊರು ಬಿಟ್ಟರು.’

ಗಡಗಡ ಸಾರಾಂಶ ಒಪ್ಪಿಸಿದಳು. "ಇದರಲ್ಲಿ ನಂಬೋಕಾಗದ ಸಾಲು ಯಾವುದು ಪುಟ್ಟಾ?" ಎಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ನಾನೂ ಬಾಯಿ ಹಾಕಲಿಲ್ಲ. ಕೊನೆಗೆ ಕಡೇ ಸಾಲಿನ ಮೇಲೆ ಬೆರಳಿಟ್ಟಳು.

"ನಮ್ಮಜ್ಜಿ ಹೀಗೆ ಹೇಳಲ್ಲ. ಅವರ ಊರೂ ಮುಳುಗಿದ್ದು."

"ಅಜ್ಜಿ ಹೇಳಿದ್ದೇ ಸರಿ ಅಂತ ಹೇಗೆ?"

ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. "ಅಜ್ಜಿ ಆಗ ಸಣ್ಣವರು. ಅವರ ಮನೇದು ಗೊತ್ತು, ಎಲ್ಲರದ್ದೂ ಗೊತ್ತಿಲ್ಲ. ಆದ್ರೆ ಇದನ್ನ ಬರೆದೋರೂ ಎಲ್ಲರನ್ನ ಕೇಳಿರಲ್ಲ, ಅಲ್ವಾ ಮೇಡಂ?"

ಓದುವುದು ಅಂದರೆ ಇದೇ. ಬರೆದಿಟ್ಟದ್ದನ್ನೂ ಅನುಮಾನಿಸಿದಳು, ಮನೆಯವರ ಮಾತನ್ನೂ ಅಳೆದು ನೋಡಿದಳು. ಬುದ್ಧಿ ಇತ್ತು. ತಪ್ಪು ಹೇಳಿಬಿಟ್ಟರೆ ಎಂಬ ಭಯ ಅದನ್ನು ಕಟ್ಟಿಹಾಕಿತ್ತು.

ಮೇಷ್ಟ್ರಿಗೆ ಹೇಳಿದೆ: ಇಡೀ ಕ್ಲಾಸಿನ ಮುಂದೆ ಎಬ್ಬಿಸಬೇಡಿ. ಮೊದಲು ಇಬ್ಬಿಬ್ಬರು ಕೂತು ಮಾತಾಡಲಿ. ಯಾರು ಏನೇ ಹೇಳಿದರೂ ಪಾಠದ ಯಾವ ಸಾಲು ನೋಡಿ ಹೇಳಿದ್ದು ಎಂದು ತೋರಿಸಬೇಕು. ಸರಿ ಉತ್ತರ ಯಾವುದೆಂದು ನೀವು ಬೇಗ ಹೇಳಿಬಿಡಬೇಡಿ, ಹೇಳಿದ ಕ್ಷಣ ಚರ್ಚೆ ಸತ್ತಂತೆ. ಪೋರ್ಷನ್ ಮುಗಿಯಲ್ಲ ಎಂದರು. ಎಲ್ಲ ಪಾಠಕ್ಕೂ ಬೇಡ, ತಿಂಗಳಿಗೊಂದು ಸಾಕು ಎಂದೆ.

ಅಪ್ಪನ ಆತಂಕ ಬೇರೆ. "ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಮೇಡಂ. ಎದುರುತ್ತರ ಕೊಡೋದು ಕಲಿತರೆ?" ಪಾಠಕ್ಕೆ ಪ್ರಶ್ನೆ ಕೇಳುವುದೂ ಮೇಷ್ಟ್ರಿಗೆ ಎದುರಾಡುವುದೂ ಒಂದೇ ಎಂದು ನಾನು ಒಪ್ಪುವುದಿಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬುವ ದೊಡ್ಡವರೂ ಒಂದು ಕಾಲಕ್ಕೆ ಎದುರುತ್ತರ ಕೊಡದ ಮಕ್ಕಳೇ ಆಗಿದ್ದರು. (ಇದನ್ನು ಅವರಿಗೆ ಇಷ್ಟು ಖಾರವಾಗಿ ಹೇಳಲಿಲ್ಲ.) ರಾತ್ರಿ ಊಟವಾದ ಮೇಲೆ ಪೇಪರಿನ ಒಂದು ಸುದ್ದಿ ಒಟ್ಟಿಗೆ ಓದಿ, ಇದರಲ್ಲಿ ಯಾರ ಮಾತಿದೆ, ಯಾರದ್ದಿಲ್ಲ ಎಂದು ಅವಳನ್ನು ಕೇಳಿ, ಅವಳು ಹೇಳಿದ್ದನ್ನು ತಿದ್ದಬೇಡಿ ಎಂದಷ್ಟೇ ಹೇಳಿದೆ.

ಓದು ಕಲಿಸುವುದು ಕೌನ್ಸೆಲರ್ ಕೆಲಸವಾ ಎಂದು ಜೊತೆಯವರೊಬ್ಬರು ಕೇಳಿದ್ದಾರೆ. ಹೊಟ್ಟೆನೋವು ಶುರುವಾದದ್ದೇ ಅಲ್ಲಿ, ಇನ್ನೆಲ್ಲಿ ಹುಡುಕಲಿ?

ಹುಡುಗಿ ಈಗ ಪಕ್ಕದವಳ ಜೊತೆ ವಾದ ಮಾಡುತ್ತಾಳಂತೆ. ಇಡೀ ಕ್ಲಾಸಿನ ಮುಂದೆ ಇನ್ನೂ ಎದ್ದು ನಿಲ್ಲುವುದಿಲ್ಲ. ಅದಕ್ಕೆ ಅವಸರ ಮಾಡಬೇಡಿ ಎಂದು ಮೇಷ್ಟ್ರಿಗೆ ತಿಳಿಸಿದ್ದೇನೆ.