ಹಳೆ ಹ್ಯಾಂಡಿಕ್ಯಾಮ್ ಕ್ಯಾಸೆಟ್‌ಗಳನ್ನೂ ಹಾಕಿ ನೋಡಬಹುದಾದ, ಕಡಿಮೆ ಬೆಲೆಯ ಕ್ಯಾಮ್‌ಕಾರ್ಡರ್ ಯಾವುದು?

ನೀವು ಕೇಳಿದ್ದು ಇಷ್ಟು: ತಂದೆಯವರು ತೊಂಬತ್ತರ ದಶಕದಲ್ಲಿ ದುಬೈನಿಂದ ತಂದ ಸೋನಿ ಹ್ಯಾಂಡಿಕ್ಯಾಮ್ ಕೆಟ್ಟು ಕೂತಿದೆ. ಅದರ ಪುಟ್ಟ ಕ್ಯಾಸೆಟ್‌ಗಳು ಒಂದು ಡಬ್ಬಿ ತುಂಬ ಇವೆ. ಅವನ್ನೂ ನೋಡಬೇಕು, ಮುಂದೆ ಮಗಳ ಹುಟ್ಟುಹಬ್ಬವನ್ನೂ ತೆಗೆಯಬೇಕು, ದುಡ್ಡೂ ಜಾಸ್ತಿ ಆಗಬಾರದು. ಅಂಥದ್ದೊಂದು ಕ್ಯಾಮ್‌ಕಾರ್ಡರ್ ಹೇಳಿ ಅಂತ.

ಇದೆ. ಆದರೆ ಸೆಕೆಂಡ್ ಹ್ಯಾಂಡ್ ಮಾತ್ರ. ಟೇಪ್ ಹಾಕುವ ಕ್ಯಾಮೆರಾಗಳನ್ನು ತಯಾರಿಸುವುದು ನಿಂತು ಎಷ್ಟೋ ವರ್ಷಗಳಾದವು. ಹೊಸದು ಅಂತ ಯಾರಾದರೂ ಆನ್‌ಲೈನ್‌ನಲ್ಲಿ ಮಾರುತ್ತಿದ್ದರೆ ಅದು ಗೋಡೌನ್‌ನಲ್ಲಿ ಬಿದ್ದಿದ್ದ ಹಳೆ ಸರಕು, ಇಲ್ಲವೇ ಮೆಮೊರಿ ಕಾರ್ಡ್ ಹಾಕುವ ಅಗ್ಗದ ಕ್ಯಾಮೆರಾ. ಅದರಲ್ಲಿ ನಿಮ್ಮ ಕ್ಯಾಸೆಟ್ ತೂರಿಸಲು ಜಾಗವೇ ಇರುವುದಿಲ್ಲ.

ಕ್ಯಾಮೆರಾ ಹುಡುಕುವ ಮೊದಲು ಡಬ್ಬಿ ತೆರೆದು ಕ್ಯಾಸೆಟ್ ನೋಡಿ. ದುಬೈನಿಂದ ಬಂದ ಸೋನಿ ಅಂದರೆ ಬಹುತೇಕ 8 ಎಂಎಂ ಟೇಪೇ ಇರುತ್ತದೆ. ಕ್ಯಾಸೆಟ್ ಮೇಲೆ 'ವಿಡಿಯೊ8' ಅಥವಾ 'ಹೈ8' ಅಂತ ಗುರುತು ಇರುತ್ತದೆ. ಆಕಾರ ಹಾಡಿನ ಆಡಿಯೊ ಕ್ಯಾಸೆಟ್‌ನಷ್ಟು, ದಪ್ಪ ಸ್ವಲ್ಪ ಜಾಸ್ತಿ. ಅದಕ್ಕಿಂತ ಚಿಕ್ಕದಾಗಿ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾಗಿದ್ದರೆ ಮಿನಿಡಿವಿ. ಅದಕ್ಕೆ ಮಿನಿಡಿವಿ ಕ್ಯಾಮೆರಾನೇ ಬೇಕು. ವಿಡಿಯೊ8 ಬಂದದ್ದು 1985ರಲ್ಲಿ, ಹೈ8 1989ರಲ್ಲಿ. ಹೈ8 ಕ್ಯಾಮೆರಾ ಎರಡನ್ನೂ ಓಡಿಸುತ್ತದೆ. ಬರೀ ವಿಡಿಯೊ8 ಕ್ಯಾಮೆರಾ ಹೈ8ನಲ್ಲಿ ತೆಗೆದದ್ದನ್ನು ಸರಿಯಾಗಿ ತೋರಿಸುವುದಿಲ್ಲ. ಆದ್ದರಿಂದ ಅದು ಪುಕ್ಕಟೆ ಸಿಕ್ಕಿದರೂ ಬೇಡ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇದನ್ನು ಬಹಳ ಜನ ಕೇಳುತ್ತಾರೆ. ಚಿಕ್ಕ ಕ್ಯಾಸೆಟ್‌ನ್ನು ಒಂದು ದೊಡ್ಡ ಖಾಲಿ ಕ್ಯಾಸೆಟ್ ಒಳಗೆ ಇಟ್ಟು ವಿಸಿಆರ್‌ಗೆ ಹಾಕುತ್ತಿದ್ದರಲ್ಲ, ಅದು ವಿಎಚ್‌ಎಸ್-ಸಿ ಟೇಪ್‌ಗೆ ಮಾತ್ರ. ಅದರೊಳಗಿನ ಟೇಪ್ ವಿಎಚ್‌ಎಸ್‌ನದ್ದೇ, ಅರ್ಧ ಇಂಚು ಅಗಲ. ನಿಮ್ಮದು 8 ಮಿಲಿಮೀಟರ್. ಅದಕ್ಕೆ ಅಂಥ ಅಡಾಪ್ಟರ್ ಇಲ್ಲ, ಇರಲೂ ಸಾಧ್ಯವಿಲ್ಲ.

ಈಗ ಕ್ಯಾಮೆರಾ. ನನ್ನ ಉತ್ತರ: ಸೋನಿಯ ಡಿಜಿಟಲ್8. 1999ರಲ್ಲಿ ಬಂತು. ಅದೇ 8 ಎಂಎಂ ಕ್ಯಾಸೆಟ್ ಮೇಲೆ ಡಿಜಿಟಲ್ ಆಗಿ ರೆಕಾರ್ಡ್ ಮಾಡುತ್ತದೆ. ಹಳೆ ಗಿರಾಕಿಗಳ ಮನೆಯಲ್ಲಿ ರಾಶಿ ಟೇಪ್ ಇವೆ ಅಂತ ಗೊತ್ತಿದ್ದದ್ದರಿಂದ, ಮೊದಮೊದಲ ಮಾದರಿಗಳಲ್ಲಿ ವಿಡಿಯೊ8, ಹೈ8 ಟೇಪ್ ಓಡಿಸುವ ವ್ಯವಸ್ಥೆಯನ್ನೂ ಸೇರಿಸಿದರು. ಹಳೆ ಟೇಪ್ ಹಾಕಿದರೆ ಕ್ಯಾಮೆರಾ ತಾನೇ ಗುರುತಿಸುತ್ತದೆ, ಆ ಚಿತ್ರವನ್ನು ಅಲ್ಲಿಯೇ ಡಿಜಿಟಲ್ ಮಾಡಿ ಫೈರ್‌ವೈರ್ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕಳಿಸುತ್ತದೆ. ಜೊತೆಗೆ ಟೈಮ್ ಬೇಸ್ ಕರೆಕ್ಟರ್ ಅನ್ನುವ ಸರ್ಕ್ಯೂಟ್ ಇರುತ್ತದೆ. ಹಳೆ ಟೇಪ್‌ಗಳಲ್ಲಿ ಬಾಗಿಲ ಚೌಕಟ್ಟು, ಮಂಟಪದ ಕಂಬ ನೆಟ್ಟಗಿರದೆ ನಡುಗುತ್ತಾ ಇರುತ್ತವೆ, ನೋಡಿರಬಹುದು. ಆ ನಡುಕ ಇದರಿಂದ ಬಹಳಷ್ಟು ಕಡಿಮೆಯಾಗುತ್ತದೆ. ನಾನು ನಮ್ಮ ಮನೆಯ ಮತ್ತು ನೆಂಟರ ಟೇಪ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿದ್ದು ಇಂಥದ್ದರಲ್ಲೇ. ಅದೇ ಟೇಪ್ ಮಾಮೂಲಿ ಹೈ8 ಕ್ಯಾಮೆರಾದಲ್ಲಿ ಹಾಕಿದಾಗ ಮತ್ತು ಇದರಲ್ಲಿ ಹಾಕಿದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಆದರೆ ಎಚ್ಚರ. ಡಿಜಿಟಲ್8 ಅಂತ ಬರೆದಿದ್ದೆಲ್ಲ ಹಳೆ ಟೇಪ್ ಓಡಿಸುವುದಿಲ್ಲ. 1999 ಮತ್ತು 2000ದ ಮಾದರಿಗಳು ಓಡಿಸುತ್ತವೆ, ಉದಾಹರಣೆಗೆ ಟಿಆರ್‌ವಿ 120, ಟಿಆರ್‌ವಿ 320. ಆಮೇಲೆ ಖರ್ಚು ಉಳಿಸಲು ಅಗ್ಗದ ಮಾದರಿಗಳಿಂದ ಆ ವ್ಯವಸ್ಥೆ ತೆಗೆದುಬಿಟ್ಟರು. ಅಮೆರಿಕದಲ್ಲಿ ಮಾರಿದ ಟಿಆರ್‌ವಿ 130, 140, 250 ಇಂಥವು. ಹಳೆ ಟೇಪ್ ಹಾಕಿದರೆ ನೀಲಿ ಪರದೆ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ನೋಡಲು ಎಲ್ಲ ಒಂದೇ ತರ ಇರುತ್ತವೆ, ಮಾರುವವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ತಳಭಾಗದ ಮಾದರಿ ಸಂಖ್ಯೆಯ ಫೋಟೊ ಕಳಿಸಲು ಹೇಳಿ, ಆ ಮಾದರಿಯ ಮ್ಯಾನ್ಯುಯಲ್ ನೆಟ್‌ನಲ್ಲಿ ಇಳಿಸಿಕೊಂಡು, ವಿಡಿಯೊ8 ಮತ್ತು ಹೈ8 ಪ್ಲೇಬ್ಯಾಕ್ ಇದೆಯೇ ಅಂತ ಓದಿ ನೋಡಿ. ಹತ್ತು ನಿಮಿಷದ ಕೆಲಸ.

ಸಂಖ್ಯೆಯ ಕೊನೆಯಲ್ಲಿ 'ಇ' ಅಕ್ಷರ ಇದೆಯೇ ನೋಡಿ. ಇದ್ದರೆ ಪಾಲ್, ಇಲ್ಲದಿದ್ದರೆ ಸಾಮಾನ್ಯವಾಗಿ ಎನ್‌ಟಿಎಸ್‌ಸಿ. ಇವೆರಡೂ ಟಿವಿ ಚಿತ್ರದ ಬೇರೆ ಬೇರೆ ಪದ್ಧತಿಗಳು. ನಮ್ಮ ದೇಶದ ಹಾಗೆ ದುಬೈನದ್ದೂ ಪಾಲ್, 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಹಾಗಾಗಿ ನಿಮಗೆ 120ಇ, 320ಇ ತರದ್ದೇ ಬೇಕು. ಅಮೆರಿಕದಲ್ಲಿರುವ ಅಣ್ಣನೋ ಭಾವನೋ "ಇಲ್ಲಿ ಗ್ಯಾರೇಜ್ ಸೇಲ್‌ನಲ್ಲಿ ಸಿಗುತ್ತೆ, ತರ್ತೀನಿ" ಅಂದರೆ ನಯವಾಗಿ ಬೇಡ ಅನ್ನಿ. ಅವರ ಕ್ಯಾಮೆರಾ ಎನ್‌ಟಿಎಸ್‌ಸಿ, ನಿಮ್ಮ ಟೇಪ್ ಅದರಲ್ಲಿ ಸರಿಯಾಗಿ ಓಡುವುದಿಲ್ಲ. ಡಬ್ಬಿಯಲ್ಲಿ ಅವರು ಅಲ್ಲಿಂದ ಕಳಿಸಿದ ಕ್ಯಾಸೆಟ್‌ಗಳೂ ಇದ್ದರೆ ಮಾತು ಬೇರೆ, ಅವಕ್ಕೆ ಅವರ ಕ್ಯಾಮೆರಾನೇ ಬೇಕು.

ತಂದೆಯವರ ಕ್ಯಾಮೆರಾ ರಿಪೇರಿ ಮಾಡಿಸಬಾರದೇ ಅಂತ ಅನ್ನಿಸಬಹುದು. ಅದು ತೊಂಬತ್ತರ ದಶಕದ ಮೊದಲ ಭಾಗದ್ದಾದರೆ ನಾನು ದುಡ್ಡು ಹಾಕುವುದಿಲ್ಲ. ಆ ಕಾಲದ ಕ್ಯಾಮೆರಾಗಳ ಬೋರ್ಡ್ ಮೇಲಿನ ಪುಟಾಣಿ ಕೆಪಾಸಿಟರ್‌ಗಳು ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನೇ ತಿಂದುಹಾಕಿರುತ್ತವೆ. ಅದನ್ನು ಒಂದೊಂದಾಗಿ ಬಿಚ್ಚಿ ಬದಲಾಯಿಸುವ ತಾಳ್ಮೆ ಇರುವ ಮೆಕ್ಯಾನಿಕ್‌ಗಳು ಈಗ ಸಿಗುವುದು ಕಷ್ಟ.

ಓಎಲ್‌ಎಕ್ಸ್‌ನಲ್ಲಿ, ಮುಚ್ಚುತ್ತಿರುವ ಫೋಟೊ ಸ್ಟುಡಿಯೊಗಳಲ್ಲಿ ವಿಚಾರಿಸಿ. ಹತ್ತು ಸಾವಿರ ದಾಟಿದರೆ ನಾನಾದರೆ ಕೊಳ್ಳುವುದಿಲ್ಲ. "ಪವರ್ ಆನ್ ಆಗುತ್ತೆ ಸಾರ್" ಅನ್ನುವುದಕ್ಕೆ ಕಿವಿಗೊಡಬೇಡಿ, ಆನ್ ಎಲ್ಲವೂ ಆಗುತ್ತದೆ. ಕೆಡುವುದು ಟೇಪ್ ಎಳೆಯುವ ಭಾಗ. ಹೋಗಿ ಕೈಯಾರೆ ನೋಡಿ. ಹಾಳಾದರೂ ಪರವಾಗಿಲ್ಲ ಅನ್ನುವ ಒಂದು ಹಳೆ ಕ್ಯಾಸೆಟ್ ಜೊತೆಗಿರಲಿ, ಮದುವೆ ಕ್ಯಾಸೆಟ್ ಅಲ್ಲ. ಮುಚ್ಚಳ ತೆರೆದರೆ ಒಳಗಿನ ತೊಟ್ಟಿಲು ತಾನೇ ಹೊರಗೆ ಬಂದು ಮೇಲೇಳಬೇಕು. ಕ್ಯಾಸೆಟ್ ಇಟ್ಟು 'ಪುಶ್' ಅಂತ ಬರೆದ ಕಡೆ ಮೆತ್ತಗೆ ಒತ್ತಿದರೆ ಸಣ್ಣ ಮೋಟಾರ್ ಸದ್ದಿನೊಂದಿಗೆ ತಾನೇ ಒಳಗೆ ಹೋಗಬೇಕು. ಆಮೇಲೆ ಟೇಪ್ ಒಳಗೆ ತಿರುಗುವ ಡ್ರಮ್ಮಿಗೆ ಸುತ್ತಿಕೊಳ್ಳುವ ಸದ್ದು ಒಂದೆರಡು ಸೆಕೆಂಡ್. ಕಟಕಟ ಅಂದು ಮತ್ತೆ ಹೊರಗೆ ಬಂದರೆ ಅಲ್ಲಿಗೇ ಬಿಡಿ. ಓಡಿದರೆ ಹತ್ತು ನಿಮಿಷ ನೋಡಿ, ಮುಂದಕ್ಕೆ ಓಡಿಸಿ, ಹಿಂದಕ್ಕೆ ಸುತ್ತಿ. ಕ್ಯಾಸೆಟ್ ಹೊರತೆಗೆದು ಅದರ ಮುಂಬದಿಯ ಫ್ಲಾಪ್ ಎತ್ತಿ ಟೇಪಿನ ಅಂಚು ನೋಡಿ. ಹೊಸ ಮಡಿಕೆ ಬಿದ್ದಿದ್ದರೆ ಆ ಕ್ಯಾಮೆರಾ ನಿಮ್ಮ ಒಳ್ಳೆ ಟೇಪ್‌ಗಳನ್ನೂ ಹಾಗೇ ಅಗಿಯುತ್ತದೆ.

ಪರದೆಯ ಮೇಲೆ ಸೋನಿ ಕೋಡ್ ಬಂದರೆ ಗಾಬರಿ ಬೇಡ, ಆದರೆ ಅರ್ಥ ಗೊತ್ತಿರಲಿ. ಸಿ:21 ಅಂದರೆ ಒಳಗೆ ತೇವ ಕೂತಿದೆ. ಮಳೆಗಾಲದಲ್ಲಿ ಇದು ಮಾಮೂಲಿ, ಮುಚ್ಚಳ ತೆರೆದಿಟ್ಟು ಒಂದೆರಡು ಗಂಟೆ ಬಿಟ್ಟರೆ ಹೋಗಬಹುದು. ಸಿ:22 ಅಂದರೆ ಟೇಪ್ ಓದುವ ಹೆಡ್ ಕೊಳೆಯಾಗಿದೆ, ಕ್ಲೀನ್ ಮಾಡಿಸಬಹುದು. ಸಿ:31, ಸಿ:32 ಬಂದರೆ ಯಂತ್ರದ ತೊಂದರೆ. ಕ್ಯಾಸೆಟ್ ತೆಗೆದು ಮತ್ತೆ ಹಾಕಿದ ಮೇಲೂ ಬಂದರೆ ಬಿಟ್ಟುಬಿಡಿ. ಬ್ಯಾಟರಿ ಹೇಗೂ ಸತ್ತಿರುತ್ತದೆ, ಅದಕ್ಕೆ ಬೆಲೆ ಕಟ್ಟಬೇಡಿ. ಆದರೆ ಒರಿಜಿನಲ್ ಪವರ್ ಅಡಾಪ್ಟರ್ ಇಲ್ಲದಿದ್ದರೆ ಚೌಕಾಸಿ ಮಾಡಿ, ಟೇಪ್ ಕಾಪಿ ಮಾಡುವಾಗ ಅದರಲ್ಲೇ ಓಡಿಸಬೇಕು.

ಇನ್ನು ಕಂಪ್ಯೂಟರ್‌ಗೆ ಹಾಕುವ ವಿಚಾರ. ಒಳ್ಳೆ ದಾರಿ ಫೈರ್‌ವೈರ್, ಸೋನಿ ಇದನ್ನೇ ಐ.ಲಿಂಕ್ ಅಂತ ಕರೆಯುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ಇಲ್ಲ. ಒಂದು ಕಡೆ ಫೈರ್‌ವೈರ್, ಇನ್ನೊಂದು ಕಡೆ ಯುಎಸ್‌ಬಿ ಪಿನ್ ಇರುವ ಕೇಬಲ್ ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರಕ್ಕೆ ಕಾಣಿಸುತ್ತದೆ. ಅದರಿಂದ ಏನೂ ಆಗುವುದಿಲ್ಲ, ದುಡ್ಡು ದಂಡ. ಕ್ಯಾಮೆರಾದಲ್ಲೇ ಯುಎಸ್‌ಬಿ ಕಿಂಡಿ ಇದ್ದರೂ ಅದು ಫೋಟೊಗೆ, ವೆಬ್‌ಕ್ಯಾಮ್‌ನಂಥ ಮಸುಕು ಚಿತ್ರಕ್ಕೆ. ಬೇಕಾದದ್ದು ಹಳೆ ಡೆಸ್ಕ್‌ಟಾಪ್ ಮತ್ತು ಅದಕ್ಕೊಂದು ಫೈರ್‌ವೈರ್ ಕಾರ್ಡ್, ಇಲ್ಲವೇ ಫೈರ್‌ವೈರ್ ಇರುವ ಹಳೆ ಮ್ಯಾಕ್. ಬೆಂಗಳೂರಿಗೆ ಬಂದರೆ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿ. ಕ್ಯಾಮೆರಾ ಕಡೆ 4 ಪಿನ್, ಕಾರ್ಡ್ ಕಡೆ 6 ಪಿನ್ ಇರುವ ಕೇಬಲ್ ಕೇಳಿ. ಎರಡನ್ನೂ ಆಫ್ ಮಾಡಿ ಜೋಡಿಸಿ, 6 ಪಿನ್ ಕಡೆ ತಿರುವುಮುರುವಾಗಿ ತುರುಕಿದರೆ ಕಿಂಡಿ ಸುಟ್ಟುಹೋಗಬಹುದು. ಒಂದು ಗಂಟೆಯ ಟೇಪ್‌ಗೆ ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಜಿಬಿ.

ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ, ಹಳದಿ-ಬಿಳಿ-ಕೆಂಪು ಎವಿ ಕೇಬಲ್ ಮತ್ತು ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಸಾಕು. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಆದರೆ ಮನೆಮಂದಿ ವಾಟ್ಸ್ಆ್ಯಪ್‌ನಲ್ಲಿ ನೋಡಲು ಧಾರಾಳ. ಅಂಗಡಿಯ ಎವಿ ಕೇಬಲ್‌ನಲ್ಲಿ ಚಿತ್ರ ಬಾರದೆ ಗುಂಯ್ ಅನ್ನುವ ಸದ್ದು ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ಕೇಬಲ್‌ನ ಒಳಗಿನ ವೈರ್ ಜೋಡಣೆ ಬೇರೆ, ಅಷ್ಟೇ. ಹಳದಿ ಕಿಂಡಿಗೆ ಕೆಂಪು ಪಿನ್ ಹಾಕಿ ನೋಡಿ.

ಟೇಪ್ ಹಾಕುವ ಮುಂಚೆ ಕ್ಯಾಸೆಟ್ ಕಿಟಕಿಯಿಂದ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ನೀವು ಮಂಗಳೂರು ಕಡೆಯವರು ಅಂದಿದ್ದೀರಿ, ಅಲ್ಲಿ ತೇವ ಜಾಸ್ತಿ, ಹಾಗಾಗಿ ಇದು ಮುಖ್ಯ. ಕಪ್ಪು ಸುರುಳಿ ಮೇಲೆ ಬಿಳಿ ಪುಡಿ ಅಥವಾ ಜೇಡರಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಆ ಕ್ಯಾಸೆಟ್ ಕ್ಯಾಮೆರಾಗೆ ಹಾಕಲೇಬೇಡಿ, ಹೆಡ್‌ಗೆ ಅಂಟಿಕೊಂಡು ಉಳಿದ ಟೇಪ್‌ಗಳಿಗೂ ಹರಡುತ್ತದೆ. ಅವನ್ನು ಬೇರೆ ಚೀಲದಲ್ಲಿಟ್ಟು, ಟೇಪ್ ಕ್ಲೀನ್ ಮಾಡುವವರಿಗೆ ಕೊಡಿ. ಚೆನ್ನಾಗಿರುವುದನ್ನು ಮೊದಲು ಪೂರ್ತಿ ಮುಂದಕ್ಕೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ವರ್ಷಗಟ್ಟಲೆ ಅಂಟಿ ಕೂತ ಟೇಪ್ ಸಡಿಲವಾಗುತ್ತದೆ. ಕ್ಯಾಸೆಟ್ ಹಿಂಭಾಗದ ಪುಟ್ಟ ಗುಂಡಿಯನ್ನು ಕೆಂಪು ಗುರುತು ಕಾಣುವ ಹಾಗೆ ಸರಿಸಿಡಿ, ಅಪ್ಪಿತಪ್ಪಿ ರೆಕಾರ್ಡ್ ಒತ್ತಿದರೂ ಹಳೆಯದು ಅಳಿಸುವುದಿಲ್ಲ.

ಕೊನೆಗೆ ಮಗಳ ಹುಟ್ಟುಹಬ್ಬ. ಅದನ್ನು ಫೋನ್‌ನಲ್ಲೇ ತೆಗೆಯಿರಿ. ಡಿಜಿಟಲ್8 ಚಿತ್ರ 720 ಗುಣಿಸು 576, ಅಷ್ಟೇ. ಈಗಿನ ಹದಿನೈದು ಸಾವಿರದ ಫೋನ್ ಅದಕ್ಕಿಂತ ಎಷ್ಟೋ ಚೆನ್ನಾಗಿ ತೆಗೆಯುತ್ತದೆ. ಒಳ್ಳೆ ಹೊಸ ಟೇಪ್ ಸಿಗುವುದೂ ಕಷ್ಟ, ಸಿಕ್ಕರೂ ಪಾಲ್‌ನ 90 ನಿಮಿಷದ ಕ್ಯಾಸೆಟ್‌ನಲ್ಲಿ ಡಿಜಿಟಲ್8 ರೆಕಾರ್ಡ್ ಆಗುವುದು 60 ನಿಮಿಷ ಮಾತ್ರ. ದೂರದಿಂದ ಜೂಮ್ ಮಾಡಬೇಕು, ಶಾಲೆಯ ವಾರ್ಷಿಕೋತ್ಸವ ತೆಗೆಯಬೇಕು ಅಂತಿದ್ದರೆ ಒಂದು ಸೆಕೆಂಡ್ ಹ್ಯಾಂಡ್ ಮೆಮೊರಿ ಕಾರ್ಡ್ ಹ್ಯಾಂಡಿಕ್ಯಾಮ್ ನೋಡಿ. ಟೇಪ್ ಕ್ಯಾಮೆರಾವನ್ನು ಪ್ಲೇಯರ್ ಅಂತಲೇ ಕೊಳ್ಳಿ, ಡಬ್ಬಿ ಮುಗಿಸಿ, ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಕೊಂಡ ಬೆಲೆಗೇ ಇನ್ನೊಬ್ಬರಿಗೆ ಮಾರಿ. ಹಳೆ ಟೇಪ್ ಓಡಿಸುವ ಮಾದರಿ ಅಂತ ಹೇಳಿ ಮಾರಿದರೆ ಗಿರಾಕಿ ಬರುತ್ತಾರೆ. ಇರುವುದು ನಾಲ್ಕೈದೇ ಕ್ಯಾಸೆಟ್ ಆದರೆ ಕ್ಯಾಮೆರಾ ಗೋಜೇ ಬೇಡ, ಕಾಪಿ ಮಾಡಿಕೊಡುವವರಿಗೆ ಕೊಡಿ. ಮೂಲ ಕ್ಯಾಸೆಟ್ ವಾಪಸ್ ಕೊಡಬೇಕು, ಡಿವಿಡಿ ಅಲ್ಲ ಫೈಲ್ ಬೇಕು ಅಂತ ಮೊದಲೇ ಹೇಳಿ.

ಯಾವುದಾದರೂ ಕ್ಯಾಮೆರಾ ಕಣ್ಣಿಗೆ ಬಿದ್ದರೆ ದುಡ್ಡು ಕೊಡುವ ಮೊದಲು ಅದರ ಮಾದರಿ ಸಂಖ್ಯೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.