ಮೇಲಿನ ಬಾತ್‌ರೂಮಿನ ನೀರು ಕೆಳಗಿನ ಮನೆಗೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಡೊಂಬಿವಲಿಯ ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಮ್ಮ ಮನೆ. ಕೆಳಗಿನವರ ಸೀಲಿಂಗಿಗೆ ನಮ್ಮ ಬಾತ್‌ರೂಮಿನಿಂದ ನೀರು ಇಳಿಯುತ್ತಿದೆ ಎಂದು ಸೊಸೈಟಿಯಿಂದ ಪತ್ರ ಬಂದಿದೆ. ಟೈಲ್ಸ್ ಸಂದಿಗೆ ಎರಡು ಸಲ ಬಿಳಿ ಸಿಮೆಂಟ್ ತುಂಬಿಸಿದೆವು, ನಿಲ್ಲಲಿಲ್ಲ. ನೆಲ ಪೂರ್ತಿ ಒಡೆಯಲೇಬೇಕೇ?
– ಗೃಹಿಣಿ, ಡೊಂಬಿವಲಿ

ಉತ್ತರ: ಒಡೆಯುವ ಮಾತು ಆಮೇಲೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಗೋಡೆಯೊಳಗಿನ ಪೈಪು, ನಹಾನಿ ಟ್ರ್ಯಾಪ್ (ಬಾತ್‌ರೂಮಿನ ನೆಲದ ನೀರು ಹೊರಹೋಗುವ ಬಾಯಿ), ನೆಲ – ಈ ಮೂರರಲ್ಲಿ ಒಂದು ಇರುತ್ತದೆ.

ಯಾರೂ ಸ್ನಾನ ಮಾಡದಿದ್ದರೂ ಕೆಳಗೆ ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ಪೈಪಿನ ಮೇಲೆ ಅನುಮಾನ ಪಡಿ. ಪ್ಲಂಬರ್ ಬಳಿ ಒತ್ತಡ ನೋಡುವ ಕೈಪಂಪು ಇರುತ್ತದೆ. ನಲ್ಲಿಗಳ ಬಾಯಿ ಮುಚ್ಚಿ ಒತ್ತಡ ಏರಿಸಿದ ಮೇಲೆ ಮೀಟರಿನ ಮುಳ್ಳು ಇಳಿಯುತ್ತಾ ಹೋದರೆ ಪೈಪು ಎಲ್ಲೋ ಸೋರುತ್ತಿದೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ತೇಪೆ ಹಾಕಬೇಡಿ, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ ಬದಲಿಸಿ.

ಪೈಪು ಸರಿಯಿದ್ದರೆ ನೀರು ನಿಲ್ಲಿಸಿ ನೋಡಿ. ಬಾತ್‌ರೂಮನ್ನು ಎರಡು ಮೂರು ದಿನ ಬಳಸದೆ ಒಣಗಲು ಬಿಡಿ. ನಹಾನಿ ಬಾಯಿಯನ್ನು ರಬ್ಬರ್ ಬೆಣೆಯಿಂದ ಬಿಗಿಯಾಗಿ ಮುಚ್ಚಿ, ಹೊಸ್ತಿಲ ಕಲ್ಲಿಗಿಂತ ಕೆಳಗೇ ಇರುವಂತೆ ಒಂದು ಅಂಗುಲ ನೀರು ತುಂಬಿಸಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ 24ರಿಂದ 48 ಗಂಟೆ ಬಿಡಿ. ಕೆಳಗೆ ತೇವ ಹೆಚ್ಚಿದರೆ ನೆಲದ್ದೇ ದೋಷ. ಹೆಚ್ಚದಿದ್ದರೆ ಬೆಣೆ ತೆಗೆದು, ಬಣ್ಣ ಕಲಸಿದ ಎರಡು ಬಕೆಟ್ ನೀರನ್ನು ಟ್ರ್ಯಾಪಿಗೆ ಸುರಿಯಿರಿ. ಕೆಳಗೆ ಬಣ್ಣ ಕಂಡರೆ ಟ್ರ್ಯಾಪಿನದ್ದು. ಅವಸರ ಬೇಡ: ತಗ್ಗಿಸಿದ ಸ್ಲ್ಯಾಬಿನ ಕೋಬಾ (ಸ್ಲ್ಯಾಬಿಗೂ ಟೈಲ್ಸಿಗೂ ನಡುವೆ ತುಂಬಿದ ಇಟ್ಟಿಗೆ ಚೂರು, ಗಾರೆಯ ಪದರ) ನೀರನ್ನು ಹೀರಿಟ್ಟುಕೊಂಡು ಎರಡು ಮೂರು ದಿನ ತಡವಾಗಿಯೂ ಬಿಡುತ್ತದೆ.

ಟ್ರ್ಯಾಪಿನದ್ದಾದರೆ ಅದರ ಸುತ್ತ ಒಂದೊಂದು ಅಡಿ ಒಡೆದರೆ ಸಾಕು. ಪಿವಿಸಿ ನುಣುಪಾದ್ದರಿಂದ ಸಿಮೆಂಟು ಅದಕ್ಕೆ ಅಂಟುವುದಿಲ್ಲ. ಕೂದಲೆಳೆಯಷ್ಟು ಸಂದಿ ಉಳಿದೇ ಉಳಿಯುತ್ತದೆ. ಆದ್ದರಿಂದ ಪೈಪನ್ನು ಉಪ್ಪುಕಾಗದದಿಂದ ತಿಕ್ಕಿ, ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಪೈಪು ಜೋಡಿಸುವ ಅಂಟು) ಬಳಿದು, ಹಸಿಯಿರುವಾಗಲೇ ಒಣ ಮರಳು ಉದುರಿಸಿ. ಅದು ಒಣಗಿದ ಮೇಲೆ ಕುಗ್ಗದ ಗ್ರೌಟ್ (ಸಂದಿ ತುಂಬುವ ಗಾರೆ) ತುಂಬಿಸಿ. ಹೆಚ್ಚಿನ ಮೇಸ್ತ್ರಿಗಳು ಹಾರಿಸಿಬಿಡುವ ಕೆಲಸ ಇದೇ, ಹೆಚ್ಚಿನ ಸೋರಿಕೆ ಶುರುವಾಗುವುದೂ ಇಲ್ಲೇ.

ನೆಲದ್ದೇ ಆದರೆ ಒಡೆಯಲೇಬೇಕು. ಟೈಲ್ಸ್ ನೀರು ತಡೆಯುತ್ತದೆ ಎಂಬುದು ಸುಳ್ಳು ನಂಬಿಕೆ. ತಡೆಯುವ ಪದರ ಅದರಡಿ ಇರಬೇಕು. ಟೈಲ್ಸ್, ಕೋಬಾ ತೆಗೆದು ಸ್ಲ್ಯಾಬ್ ಕಾಣುವಂತೆ ಮಾಡಿ. ಕೊನೆಯ ಪದರವನ್ನು ಕೈ ಉಳಿಯಿಂದಲೇ ತೆಗೆಸಿ, ಯಂತ್ರ ಬಳಸಿದರೆ ಹಳೆಯ ಸ್ಲ್ಯಾಬ್ ಅದುರಿ ಹೊಸ ಬಿರುಕು ಬೀಳುತ್ತದೆ. ಬಿರುಕುಗಳನ್ನು ಅಗಲಿಸಿ ಪಾಲಿಮರ್ ಗಾರೆ ತುಂಬಿಸಿ. ನೆಲ-ಗೋಡೆ ಸೇರುವ ಮೂಲೆಗೆಲ್ಲ ಎರಡು ಅಂಗುಲದ ವಾಟಾ (ಮೂಲೆ ಮುಚ್ಚುವ ಇಳಿಜಾರು ಗಾರೆ ಪಟ್ಟಿ) ಕಟ್ಟಿಸಿ: ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, 50 ಕಿಲೋ ಚೀಲಕ್ಕೆ 200 ಮಿಲಿಲೀಟರ್ ವಾಟರ್‌ಪ್ರೂಫಿಂಗ್ ದ್ರವ. ದ್ರವ ಹೆಚ್ಚು ಸುರಿದರೆ ಹೆಚ್ಚು ಗಟ್ಟಿ ಎಂದು ತಿಳಿಯಬೇಡಿ.

ಇದರ ಮೇಲೆ ಪುಡಿ, ದ್ರವ ಎರಡನ್ನೂ ಕಲಸುವ ಪಾಲಿಮರ್ ಸಿಮೆಂಟ್ ಲೇಪ ಎರಡು ಕೋಟು. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಕಲಸುವ ಪ್ರಮಾಣ ಡಬ್ಬಿಯ ಮೇಲೆ ಬರೆದಂತೆಯೇ ಇರಲಿ, ತೆಳ್ಳಗಾಗಲೆಂದು ನೀರು ಸೇರಿಸಬೇಡಿ. ಮೂಲೆಗಳಿಗೂ ಪೈಪಿನ ಸುತ್ತಲೂ ಕೋಟುಗಳ ನಡುವೆ ಫೈಬರ್ ಜಾಲರಿ ಇಡಿ. ಗೋಡೆಗೆ ಒಂದು ಅಡಿ, ಶವರ್ ಇರುವಲ್ಲಿ ಆರಡಿ ಎತ್ತರ ಬಳಿಯಿರಿ. ಹೊಸ್ತಿಲ ಕಲ್ಲಿನಡಿಯೂ ಲೇಪ ಹಾಯಬೇಕು. ಇಲ್ಲವಾದರೆ ನೀರು ಅಲ್ಲಿಂದ ಹಾಲ್‌ಗೆ ಹರಿಯುತ್ತದೆ. ಲೇಪ ಗಟ್ಟಿಯಾಗಲು ಕಂಪನಿ ಹೇಳಿದಷ್ಟು ದಿನ ಕಾದು, ನೀರು ನಿಲ್ಲಿಸಿ ನೋಡಿ. ಆಮೇಲೆ ಕೋಬಾ ತುಂಬಿಸಿ, ಅದರ ಮೇಲೂ ಇದೇ ಲೇಪ ಮಾಡಿಸಿ, ಮತ್ತೆ ಪರೀಕ್ಷಿಸಿ. ಮೇಸ್ತ್ರಿಯ ಕೊನೆಯ ಕಂತಿನ ಹಣ ಎರಡನೇ ಪರೀಕ್ಷೆ ಮುಗಿಯುವ ತನಕ ನಿಮ್ಮ ಕೈಯಲ್ಲೇ ಇರಲಿ.

ಇಳಿಜಾರು ಮರೆಯಬೇಡಿ. ಐದಡಿಯ ನೆಲಕ್ಕೆ ನಹಾನಿ ಕಡೆಗೆ ಮುಕ್ಕಾಲರಿಂದ ಒಂದು ಅಂಗುಲ ಇಳಿತ ಬೇಕು. ಟೈಲ್ಸ್ ನಡುವೆ 2-3 ಮಿಲಿಮೀಟರ್ ಸಂದಿ ಬಿಟ್ಟು ಎಪಾಕ್ಸಿ (ರಾಳದ) ಗ್ರೌಟ್ ತುಂಬಿಸಿ. ಬಿಳಿ ಸಿಮೆಂಟು ಆ್ಯಸಿಡ್ ತೊಳೆತಕ್ಕೆ ಕರಗುತ್ತದೆ. ನಿಮ್ಮಲ್ಲಿ ವಾರಕ್ಕೊಮ್ಮೆ ಆ್ಯಸಿಡ್ ಹಾಕುವ ರೂಢಿ ಇದ್ದರೆ ಇಂದೇ ಬಿಡಿ.

ಪ್ರಶ್ನೆ: ಒಡೆಯದೆ, ಕೆಳಗಿನಿಂದ ಕೆಮಿಕಲ್ ಚುಚ್ಚಿ ಸೋರಿಕೆ ನಿಲ್ಲಿಸುತ್ತೇವೆ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಮುಲುಂಡ್

ಉತ್ತರ: ಒಂದೇ ಬಿರುಕಿದ್ದರೆ ಕೆಲಸವಾಗುತ್ತದೆ. ಆದರೆ ಮೇಲೆ ಕೋಬಾ ಪೂರ್ತಿ ನೆನೆದಿದ್ದರೆ, ಇಲ್ಲಿ ತಡೆದ ನೀರು ಪಕ್ಕದ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸೀಲಿಂಗಿಗೆ ವಾಟರ್‌ಪ್ರೂಫ್ ಬಣ್ಣ ಬಳಿಯುವುದು ಅದಕ್ಕಿಂತ ಕೆಟ್ಟದ್ದು. ನೀರು ಸ್ಲ್ಯಾಬಿನಲ್ಲೇ ನಿಂತು ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟಿನ ಚಕ್ಕೆಗಳು ಬೀಳತೊಡಗುತ್ತವೆ. ಸೋರಿಕೆ ಬರೀ ಟೈಲ್ಸ್ ಸಂದಿಯದ್ದಾದರೆ, ಹಳೆಯ ಸಿಮೆಂಟನ್ನು ಪೂರ್ತಿ ಕೆರೆದು, ಒಣಗಿಸಿ, ಎಪಾಕ್ಸಿ ತುಂಬಿಸುವುದೇ ಒಡೆಯದ ಉಪಾಯ. ಹಳೆಯದರ ಮೇಲೆ ಸವರಿದರೆ ಕಿತ್ತು ಬರುತ್ತದೆ.

ಪ್ರಶ್ನೆ: ಖರ್ಚು ಯಾರದ್ದು, ಸೊಸೈಟಿಯದ್ದೋ ಮೇಲಿನವರದ್ದೋ?
– ಹಿರಿಯ ನಾಗರಿಕರು, ಘಾಟ್ಕೋಪರ್

ಉತ್ತರ: ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಯಂತೆ ಹೊರಗಿನ ಸಾಮಾನ್ಯ ಪೈಪು, ಡ್ರೈನೇಜ್ ಲೈನು, ಮಳೆನೀರಿನ ಸೋರಿಕೆ ಸೊಸೈಟಿಯ ಹೊಣೆ. ಮನೆಯೊಳಗಿನ ಬಾತ್‌ರೂಮು, ಸಿಂಕಿನ ಸೋರಿಕೆ ಸದಸ್ಯರದ್ದು. ಮೇಲಿನವರು, ಕೆಳಗಿನವರು, ಸೊಸೈಟಿಯ ಒಬ್ಬರು – ಮೂವರ ಎದುರೇ ಮೇಲೆ ಹೇಳಿದ ಪರೀಕ್ಷೆ ನಡೆಸಿ ಪ್ಲಂಬರ್‌ನಿಂದ ಬರೆಸಿಕೊಳ್ಳಿ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಮಳೆಗೆ ಹೊರಗೋಡೆಯೂ ತೋಯ್ದಿರುತ್ತದೆ, ಯಾವ ತೇವ ಎಲ್ಲಿಯದ್ದೆಂದು ತಿಳಿಯದೆ ಜಗಳ ಮಾತ್ರ ಉಳಿಯುತ್ತದೆ.