ಎರಡೂ 5 ಲಕ್ಷದ ಆರೋಗ್ಯ ವಿಮೆಯೇ, ಒಂದಕ್ಕೆ ಅರ್ಧ ಪ್ರೀಮಿಯಂ ಯಾಕೆ?

ಕಾಸರಗೋಡಿನ ಬದಿಯಡ್ಕದಲ್ಲಿರುವ ನಿಮ್ಮ 68 ವರ್ಷದ ಸೋದರಮಾವನಿಗೆ ನೀವು ನೋಡಿದ ಎರಡು ಪಾಲಿಸಿಗಳಲ್ಲಿ ಅಗ್ಗದ್ದಕ್ಕೆ ಬಹುಶಃ ಕೋ-ಪೇ (ಬಿಲ್ಲಿನ ಒಂದು ಪಾಲು ನಾವೇ ಕಟ್ಟುವುದು) ಇರಬೇಕು, ಜೊತೆಗೆ ಆಸ್ಪತ್ರೆಯ ರೂಮ್ ಬಾಡಿಗೆಗೆ ಮಿತಿ. ಕಾಗದ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ವಯಸ್ಸಾದವರ ಪಾಲಿಸಿಯಲ್ಲಿ ಹೆಚ್ಚಾಗಿ ಇದೇ ಕಥೆ.

ಮೊದಲು ಏಜೆಂಟರ ಹತ್ತಿರ ಪಾಲಿಸಿಯ ಪೂರ್ತಿ ಷರತ್ತು ಕೇಳಿ. ಬಣ್ಣದ ಕರಪತ್ರ ಸಾಲದು. ಕೋ-ಪೇ 20% ಇದ್ದರೆ 3 ಲಕ್ಷದ ಬಿಲ್ಲಿಗೆ 60,000 ನಿಮ್ಮ ಕೈಯಿಂದಲೇ ಹೋಗುತ್ತದೆ. ರೂಮಿನದ್ದು ಇನ್ನೂ ಕಷ್ಟ. ದಿನಕ್ಕೆ 5,000 ಮಿತಿ ಇದ್ದು 8,000ದ ರೂಮ್ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಖರ್ಚು ಕೂಡ ಅದೇ ಲೆಕ್ಕದಲ್ಲಿ ಕಡಿತ ಆಗಬಹುದು. ನಮ್ಮ ದೊಡ್ಡಮ್ಮನಿಗೆ ಹೀಗೇ ಆಯಿತು, ನಮಗೆ ಗೊತ್ತಾದದ್ದು ಡಿಸ್ಚಾರ್ಜ್ ದಿನ!

ಆಮೇಲೆ ಮಾವನ ಸಕ್ಕರೆ ಕಾಯಿಲೆ. ಏಜೆಂಟ್ "ಬರೆಯೋದು ಬೇಡ" ಅಂದರೂ ಫಾರ್ಮಿನಲ್ಲಿ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ಅದೇ ನೆಪ ಆಗುತ್ತದೆ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ (ಅಲ್ಲಿಯವರೆಗೆ ಆ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ) ಈಗ ಹೆಚ್ಚೆಂದರೆ 3 ವರ್ಷ. ಅದಕ್ಕಿಂತ ಕಡಿಮೆಯದ್ದು ಸಿಕ್ಕಿದರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟ ಇಲ್ಲ.

ಕ್ಯಾಶ್‌ಲೆಸ್ ಪಟ್ಟಿಯಲ್ಲಿ (ಕಂಪನಿಯೇ ನೇರವಾಗಿ ಬಿಲ್ ಕಟ್ಟುವ ಆಸ್ಪತ್ರೆಗಳ ಪಟ್ಟಿ) ಸುಮ್ನೆ ಕೇರಳದ ಆಸ್ಪತ್ರೆ ಎಣಿಸಬೇಡಿ. ಅವಸರಕ್ಕೆ ನಾವೆಲ್ಲ ಓಡುವುದು ಮಂಗಳೂರಿಗೇ ಅಲ್ವಾ? ಮಾವ ಹೋಗುವ ಆಸ್ಪತ್ರೆಗೇ ಫೋನ್ ಮಾಡಿ, ಆ ಕಂಪನಿಯ ಕ್ಯಾಶ್‌ಲೆಸ್ ಈಗಲೂ ನಡೆಯುತ್ತದಾ ಕೇಳಿ.

ಪಾಲಿಸಿ ಕೈಗೆ ಬಂದ ಮೇಲೂ ಹಿಡಿಸದಿದ್ದರೆ 30 ದಿನದೊಳಗೆ ವಾಪಸ್ ಮಾಡಬಹುದು.